ಗೃಹಸಾಲದ ಕಂತು ತಪ್ಪಿದಾಗ: ಜಪ್ತಿ, ಲಿಲಾವಿಗೆ ಮುನ್ನ ಮನೆಯವರಿಗೆ ಉಳಿದಿರುವ ದಾರಿಗಳು

ಹುಬ್ಬಳ್ಳಿ-ಧಾರವಾಡದ ಬ್ಯಾಂಕ್ ಶಾಖೆಯಲ್ಲಿ ‘ಫೋರ್‌ಕ್ಲೋಷರ್’ ಎಂಬ ಮಾತು ಕಿವಿಗೆ ಬಿದ್ದರೆ ಗಾಬರಿಯಾಗಬೇಕಾಗಿಲ್ಲ. ಸಾಲವನ್ನು ಅವಧಿಗೆ ಮುನ್ನವೇ ಪೂರ್ತಿ ಕಟ್ಟಿ ಮುಗಿಸುವುದು ಎಂಬುದೇ ಇಲ್ಲಿ ಆ ಪದಕ್ಕಿರುವ ರೂಢಿಯ ಅರ್ಥ. ‘ಫೋರ್‌ಕ್ಲೋಷರ್ ಲೆಟರ್’ ಎಂದರೆ ಇಂಥ ದಿನಕ್ಕೆ ಇಷ್ಟು ಹಣ ಕಟ್ಟಿದರೆ ಸಾಲ ತೀರುತ್ತದೆ ಎಂದು ಬ್ಯಾಂಕು ಬರೆದುಕೊಡುವ ಪತ್ರ. ಹೆದರಬೇಕಾದ ಸಂಗತಿಗೆ ನಮ್ಮ ಕಡೆ ಬೇರೆ ಮಾತುಗಳಿವೆ: ಜಪ್ತಿ, ಸೀಲು, ಲಿಲಾವು (ಹರಾಜು). ಕಂತು ತಪ್ಪಿದ ದಿನದಿಂದ ಲಿಲಾವಿನ ದಿನದವರೆಗೆ ಏನೇನು ನಡೆಯುತ್ತದೆ, ಯಾವ ಹಂತದಲ್ಲಿ ಯಾವ ದಾರಿ ತೆರೆದಿರುತ್ತದೆ ಮತ್ತು ಯಾವಾಗ ಮುಚ್ಚುತ್ತದೆ ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಇಂಥ ಸಂಕಟದಲ್ಲಿರುವ ಕುಟುಂಬಗಳ ಕಾಗದಪತ್ರಗಳನ್ನು ಓದಿ ಹೇಳುವ ಸಂದರ್ಭಗಳು ನನಗೆ ಆಗಾಗ ಒದಗಿವೆ. ಹೆಚ್ಚಿನವರು ಸಲಹೆ ಕೇಳಲು ಬರುವುದು ಬಾಗಿಲಿಗೆ ನೋಟಿಸು ಅಂಟಿಸಿದ ಮೇಲೆ. ಅದಕ್ಕೆ ಮುಂಚೆ ಬಂದ ರಜಿಸ್ಟರ್ ಲಕೋಟೆಗಳನ್ನು ‘ಮನೆಯಲ್ಲಿ ಯಾರೂ ಇಲ್ಲ’ ಎಂದು ಹೇಳಿ ಹಿಂದಕ್ಕೆ ಕಳಿಸಿರುತ್ತಾರೆ. ಲಕೋಟೆ ತೆಗೆದುಕೊಳ್ಳದಿದ್ದರೆ ನೋಟಿಸು ಮುಟ್ಟಿದಂತಾಗುವುದಿಲ್ಲ ಎಂಬ ನಂಬಿಕೆ ನಮ್ಮ ಊರುಗಳಲ್ಲಿ ಬಲವಾಗಿದ್ದರೂ ಕಾನೂನು ಅದನ್ನು ಒಪ್ಪುವುದಿಲ್ಲ. ಸಾಲಗಾರನು ತಪ್ಪಿಸಿಕೊಳ್ಳುತ್ತಿದ್ದಾನೆಂದು ಕಂಡರೆ ಮನೆಯ ಹೊರಬಾಗಿಲಿಗೆ ಅಂಟಿಸಿ, ಪತ್ರಿಕೆಗಳಲ್ಲಿ ಪ್ರಕಟಿಸಿ ನೋಟಿಸು ಜಾರಿ ಮಾಡಲು ನಿಯಮದಲ್ಲಿಯೇ ಅವಕಾಶವಿದೆ. ಹೀಗಾಗಿ ಲಕೋಟೆ ಹಿಂದಕ್ಕೆ ಕಳಿಸಿದವರು ಕಳೆದುಕೊಳ್ಳುವುದು ತಮ್ಮದೇ ದಿನಗಳನ್ನು.

ಸಾಲ ಕೊಟ್ಟವರು ಯಾರೆಂಬುದನ್ನು ಮೊದಲು ನೋಡಿಕೊಳ್ಳಿ

ವಾಣಿಜ್ಯ ಬ್ಯಾಂಕುಗಳು ಮತ್ತು ಗೃಹಸಾಲದ ಹಣಕಾಸು ಕಂಪನಿಗಳು ನ್ಯಾಯಾಲಯದ ಮೆಟ್ಟಿಲು ಹತ್ತದೆಯೇ ಅಡಮಾನದ ಮನೆಯನ್ನು ವಶಕ್ಕೆ ಪಡೆದು ಮಾರಲು 2002ರ ಸರ್ಫೇಸಿ ಕಾಯ್ದೆ ಅಧಿಕಾರ ಕೊಡುತ್ತದೆ. ಇತರ ಬ್ಯಾಂಕೇತರ ಹಣಕಾಸು ಕಂಪನಿಗಳ ಪೈಕಿ 100 ಕೋಟಿ ರೂಪಾಯಿಗಿಂತ ಕಡಿಮೆಯಿಲ್ಲದ ಆಸ್ತಿ ಇರುವಂಥವು ಮಾತ್ರ, ಅದೂ 20 ಲಕ್ಷ ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸಾಲಗಳಿಗೆ, ಈ ಅಧಿಕಾರವನ್ನು ಬಳಸಬಹುದು.

ಸಹಕಾರಿ ಸಾಲದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಭಾಗದಲ್ಲಿ ಅದರ ಬೇರು ಬಹಳ ಆಳವಾಗಿದೆ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರಿ ಪತ್ತಿನ ಸಂಘ ಆರಂಭವಾದ ನಾಡು ಇದು. ಇಂದಿಗೂ ಗದಗ, ಹಾವೇರಿ, ಹುಬ್ಬಳ್ಳಿಯ ಅನೇಕ ಮನೆಗಳ ಮೇಲಿನ ಬೋಜಾ (ಸಾಲದ ಹೊರೆ) ಪಟ್ಟಣ ಸಹಕಾರಿ ಬ್ಯಾಂಕು, ಪತ್ತಿನ ಸಂಘ ಅಥವಾ ಸೌಹಾರ್ದ ಸಹಕಾರಿಯ ಹೆಸರಿನಲ್ಲಿರುತ್ತದೆ. ಹೊರಗಿನ ಫಲಕ ನೋಡಿದರೆ ಮೂರೂ ಒಂದೇ ತರಹ ಕಂಡರೂ ಕಾನೂನಿನ ದೃಷ್ಟಿಯಲ್ಲಿ ಅವು ಬೇರೆ ಬೇರೆ. ಸಹಕಾರಿ ಬ್ಯಾಂಕುಗಳೂ ಸರ್ಫೇಸಿ ಕಾಯ್ದೆಯನ್ನು ಬಳಸಬಹುದೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2020ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿತು. ಆದರೆ ಬ್ಯಾಂಕಿಂಗ್ ಪರವಾನಗಿ ಇಲ್ಲದ ಸಂಘಕ್ಕೆ ಆ ದಾರಿಯಿಲ್ಲ. ಅದು ಸಹಕಾರ ಕಾನೂನಿನಡಿ ದಾವೆ ಹೂಡಿ, ತನ್ನ ಪರವಾಗಿ ತೀರ್ಪು ಪಡೆದು, ಅದರ ಅಮಲ್‌ಬಜಾವಣಿಗೆ (ಜಾರಿಗೆ) ಹೋಗಬೇಕಾಗುತ್ತದೆ. ನಿಮ್ಮ ಸಾಲ ಸಂಘದ್ದಾಗಿದ್ದರೆ ದಾವೆಯ ಸಮನ್ಸ್ ಬಂದ ದಿನವೇ ವಕೀಲರನ್ನು ನೇಮಿಸಿ ಹಾಜರಾಗಬೇಕು. ಗೈರುಹಾಜರಾದರೆ ಏಕಪಕ್ಷೀಯ ತೀರ್ಪಾಗಿ, ಬಡ್ಡಿಯ ಲೆಕ್ಕವನ್ನು ಪ್ರಶ್ನಿಸುವ ಅವಕಾಶವೂ ಕೈತಪ್ಪುತ್ತದೆ.

ಹಾವೇರಿ, ಗದಗದ ಹಳ್ಳಿಗಳವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಕೃಷಿ ಜಮೀನಿಗೆ ಸರ್ಫೇಸಿ ಕಾಯ್ದೆ ಅನ್ವಯಿಸುವುದಿಲ್ಲ. ಆದರೆ ಉತಾರದಲ್ಲಿ (ಪಹಣಿಯಲ್ಲಿ) ಕೃಷಿ ಎಂದು ಬರೆದಿರುವುದೊಂದೇ ಸಾಲದು. ಜಮೀನು ನಿಜವಾಗಿ ಸಾಗುವಳಿಯಲ್ಲಿದೆ ಎಂಬುದನ್ನು ಸಾಲಗಾರನೇ ತೋರಿಸಬೇಕೆಂದು ನ್ಯಾಯಾಲಯಗಳು ಹೇಳಿವೆ. ಎನ್.ಎ. (ಕೃಷಿಯೇತರ) ಆಗದ ಹೊಲದಲ್ಲಿ ಮನೆ ಕಟ್ಟಿ ವಾಸಿಸುತ್ತಿರುವವರು ಈ ವಿನಾಯಿತಿಯನ್ನೇ ನೆಚ್ಚಿ ಕೂರುವುದು ಜಾಣತನವಲ್ಲ. ಬಾಕಿಯು ಅಸಲು ಮತ್ತು ಬಡ್ಡಿಯ ಒಟ್ಟು ಮೊತ್ತದ ಶೇ. 20ಕ್ಕಿಂತ ಕಡಿಮೆ ಉಳಿದಿದ್ದರೂ ಈ ಕಾಯ್ದೆಯ ಕ್ರಮ ಸಲ್ಲುವುದಿಲ್ಲ. ಬಹುಪಾಲು ಸಾಲ ತೀರಿಸಿ ಕೊನೆಯ ವರ್ಷಗಳಲ್ಲಿ ಎಡವಿದವರು ಇದನ್ನು ಮರೆಯಬಾರದು.

ಮೊದಲ 90 ದಿನಗಳು

ಕಂತು ಕಟ್ಟಬೇಕಾದ ದಿನದಿಂದ ಎಣಿಕೆ ಶುರುವಾಗುತ್ತದೆ. ಏಪ್ರಿಲ್ 5ರ ಕಂತು ತಪ್ಪಿದರೆ ಖಾತೆಯು ಅಂದೇ ಬ್ಯಾಂಕಿನ ಎಚ್ಚರಿಕೆಯ ಪಟ್ಟಿಗೆ ಸೇರುತ್ತದೆ, ಮೇ 5ಕ್ಕೆ ಆ ಪಟ್ಟಿಯ ಎರಡನೆಯ ಮೆಟ್ಟಿಲಿಗೂ ಜೂನ್ 4ಕ್ಕೆ ಮೂರನೆಯದಕ್ಕೂ ಹೋಗುತ್ತದೆ, ಆಗಲೂ ಬಾಕಿ ಹಾಗೆಯೇ ಇದ್ದರೆ ಜುಲೈ 4ಕ್ಕೆ ಎನ್.ಪಿ.ಎ. (ವಸೂಲಾಗದ ಸಾಲ) ಆಗುತ್ತದೆ. ಬ್ಯಾಂಕಿನವರು ಫೋನಿನಲ್ಲಿ ‘ಎಸ್.ಎಂ.ಎ.’ ಎಂದು ಹೇಳುವುದು ಈ ನಡುವಿನ ಮೆಟ್ಟಿಲುಗಳನ್ನೇ.

ಈ ಎಣಿಕೆಯಲ್ಲಿ ಒಂದು ಸೂಕ್ಷ್ಮವಿದೆ. ಎನ್.ಪಿ.ಎ. ಆಗುವ ಮೊದಲು ನೀವು ಕಟ್ಟಿದ ಹಣ ಸಾಮಾನ್ಯವಾಗಿ ಹಳೆಯ ಬಾಕಿಗೆ ಜಮೆಯಾಗುತ್ತದೆ. ಮೂರು ಕಂತು ಬಾಕಿಯಿದ್ದರೂ ಜುಲೈ 4ರೊಳಗೆ ಏಪ್ರಿಲ್ ಕಂತೊಂದನ್ನು ಕಟ್ಟಿದರೆ ಎಣಿಕೆ ಮೇ 5ರಿಂದ ಆರಂಭವಾಗಿ ನಿಮಗೆ ಇನ್ನೊಂದು ತಿಂಗಳು ಸಿಗುತ್ತದೆ. ಎನ್.ಪಿ.ಎ. ಆದ ಮೇಲೆ ಈ ಉಪಾಯ ನಡೆಯುವುದಿಲ್ಲ. ಅಸಲು, ಬಡ್ಡಿ ಸೇರಿ ಎಲ್ಲ ಬಾಕಿಯನ್ನು ಕಟ್ಟಿದರೆ ಮಾತ್ರ ಖಾತೆಯನ್ನು ಮತ್ತೆ ಸರಿಯಾದ ಸಾಲವೆಂದು ಪರಿಗಣಿಸಬೇಕೆಂದು ರಿಸರ್ವ್ ಬ್ಯಾಂಕು 2021ರ ನವೆಂಬರಿನಲ್ಲಿ ಸ್ಪಷ್ಟಪಡಿಸಿದೆ. ಜೂನ್ ಕೊನೆಯಲ್ಲಿ ಒಂದು ಕಂತಿನಿಂದ ಆಗುತ್ತಿದ್ದ ಕೆಲಸಕ್ಕೆ ಜುಲೈ ಎರಡನೆಯ ವಾರದಲ್ಲಿ ನಾಲ್ಕು ಕಂತು ಬೇಕಾಗುತ್ತದೆ. ಅದೇ ಬ್ಯಾಂಕಿನಲ್ಲಿ ನಿಮ್ಮ ವಾಹನದ ಸಾಲವೋ ವೈಯಕ್ತಿಕ ಸಾಲವೋ ಇದ್ದು ಅದು ಎನ್.ಪಿ.ಎ. ಆದರೆ, ಕಂತು ತಪ್ಪದ ಗೃಹಸಾಲವೂ ಅದರ ಜೊತೆಗೆ ಎನ್.ಪಿ.ಎ. ಆಗುತ್ತದೆ, ಬ್ಯಾಂಕುಗಳು ಈ ವರ್ಗೀಕರಣವನ್ನು ಸಾಲಗಾರನನ್ನು ನೋಡಿ ಮಾಡುತ್ತವೆಯೇ ಹೊರತು ಒಂದೊಂದು ಸಾಲವನ್ನು ನೋಡಿ ಅಲ್ಲ.

ಈ ಅವಧಿಯಲ್ಲಿ ಮೊದಲು ಹುಡುಕಬೇಕಾದದ್ದು ವಿಮೆಯ ಕಾಗದ. ಸಾಲ ಮಂಜೂರಾಗುವಾಗ ಬ್ಯಾಂಕಿನವರು ಜೀವವಿಮೆಯೊಂದನ್ನು ಮಾಡಿಸಿ, ಅದರ ಕಂತನ್ನು ಸಾಲದ ಮೊತ್ತಕ್ಕೇ ಸೇರಿಸಿರುವುದು ಸಾಮಾನ್ಯ. ಸಾಲ ತೆಗೆದವರು ತೀರಿಕೊಂಡು ಪತ್ನಿಯೋ ಮಕ್ಕಳೋ ಹೇಗೋ ಕಂತು ಹೊಂದಿಸುತ್ತಿರುವ ಮನೆಗಳಲ್ಲಿ ಈ ವಿಮೆಯ ನೆನಪೇ ಯಾರಿಗೂ ಇರುವುದಿಲ್ಲ. ಸಾಲದ ಮಂಜೂರಾತಿ ಪತ್ರವನ್ನೂ ಮೊದಲ ತಿಂಗಳುಗಳ ಖಾತೆ ವಿವರವನ್ನೂ ತೆಗೆಸಿ ‘ವಿಮೆ’ ಎಂಬ ಹೆಸರಿನಲ್ಲಿ ಹಣ ಕಡಿತವಾಗಿದೆಯೇ ನೋಡಿ. ಆಗಿದ್ದರೆ, ಆ ಪಾಲಿಸಿಯಿಂದ ಸಾಲ ಎಷ್ಟು ತೀರುತ್ತದೆಂಬುದು ತಿಳಿಯುವವರೆಗೆ ಬೇರೆ ಯಾವ ಒಪ್ಪಂದಕ್ಕೂ ಸಹಿ ಮಾಡಬೇಡಿ.

ಅದಾದ ಮೇಲೆ ಶಾಖೆಗೆ ಹೋಗಿ ಕಂತಿನ ಭಾರ ಇಳಿಸುವ ಮಾತು ಎತ್ತಬೇಕು. ಅವಧಿ ಹೆಚ್ಚಿಸಿ ಕಂತು ಕಡಿಮೆ ಮಾಡುವುದು ರೂಢಿಯಲ್ಲಿರುವ ಕ್ರಮ. 18 ಲಕ್ಷ ರೂಪಾಯಿ ಬಾಕಿ, ಶೇ. 9ರ ಬಡ್ಡಿ, ಇನ್ನೂ 12 ವರ್ಷ ಉಳಿದಿದೆ ಎಂದುಕೊಳ್ಳೋಣ. ಕಂತು ಸುಮಾರು 20,485 ರೂಪಾಯಿ. ಅವಧಿಯನ್ನು 20 ವರ್ಷಕ್ಕೆ ಏರಿಸಿದರೆ ಅದು ಸುಮಾರು 16,195ಕ್ಕೆ ಇಳಿಯುತ್ತದೆ. ತಿಂಗಳಿಗೆ 4,290 ರೂಪಾಯಿ ಉಳಿಯುವುದು ನಿಜವಾದರೂ, ಒಟ್ಟು ಕಟ್ಟುವ ಹಣ ಸುಮಾರು 29.5 ಲಕ್ಷದಿಂದ 38.9 ಲಕ್ಷಕ್ಕೆ ಏರುತ್ತದೆ. ನಿವೃತ್ತಿ ಹತ್ತಿರವಿರುವವರಿಗೆ ಬ್ಯಾಂಕು ಇಷ್ಟು ದೀರ್ಘ ಅವಧಿ ಕೊಡುವುದೂ ಕಷ್ಟ. ಆದಾಯ ತಾತ್ಕಾಲಿಕವಾಗಿ ನಿಂತಿದೆ, ಮತ್ತೆ ಬರುತ್ತದೆ ಎಂಬ ಭರವಸೆಯಿದ್ದರೆ ಈ ದಾರಿ ಯೋಗ್ಯ. ಆದಾಯವೇ ಶಾಶ್ವತವಾಗಿ ಕುಗ್ಗಿದ್ದರೆ ಇದು ಸಂಕಟವನ್ನು ಮುಂದೂಡುತ್ತದೆ, ಅಷ್ಟೇ. ಅರ್ಜಿಯನ್ನು ಬರವಣಿಗೆಯಲ್ಲಿ ಕೊಟ್ಟು, ಪ್ರತಿಯ ಮೇಲೆ ಶಾಖೆಯ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳಿ. ‘ಸಾಹೇಬರು ನೋಡೋಣ ಅಂದಾರ’ ಎಂಬ ಮಾತು ಮುಂದೆ ಯಾವ ಕಚೇರಿಯಲ್ಲೂ ದಾಖಲೆಯಾಗುವುದಿಲ್ಲ.

ಭವಿಷ್ಯನಿಧಿಯಿಂದ ಭಾಗಶಃ ಹಣ ತೆಗೆಯುವುದು, ಜೀವವಿಮಾ ಪಾಲಿಸಿಯ ಮೇಲೆ ಸಾಲ ಪಡೆಯುವುದು, ಮನೆ ಬಾಡಿಗೆಗೆ ಕೊಟ್ಟು ಚಿಕ್ಕ ಮನೆಗೆ ಹೋಗುವುದು ಇವೆಲ್ಲ ಎಲ್ಲರಿಗೂ ತಿಳಿದ ದಾರಿಗಳೇ. ಹಿಡಿಯಲೇಬಾರದ ದಾರಿ ಎಂದರೆ ಮೀಟರ್ ಬಡ್ಡಿ. ಬ್ಯಾಂಕಿನ ಶೇ. 9ರ ಸಾಲದ ಕಂತು ಕಟ್ಟಲು ಖಾಸಗಿಯವರಲ್ಲಿ ತಿಂಗಳಿಗೆ ನೂರಕ್ಕೆ 5 ರೂಪಾಯಿಯಂತೆ ತೆಗೆದುಕೊಂಡವರು ವರ್ಷಕ್ಕೆ ಶೇ. 60ರ ಬಡ್ಡಿ ಕೊಡುತ್ತಿರುತ್ತಾರೆ. ಇದಕ್ಕಿಂತ ಅಪಾಯದ್ದು ಆಧಾರಕ್ಕೆಂದು ಖರೀದಿ ಪತ್ರವನ್ನೋ ಮುಖತ್ಯಾರ ಪತ್ರವನ್ನೋ ನೋಂದಾಯಿಸಿ ಕೊಡುವುದು. ‘ರೊಕ್ಕ ಕೊಟ್ಟ ದಿನ ತಿರುಗಿ ಬರೆದುಕೊಡ್ತೀನಿ’ ಎಂಬ ಬಾಯಿಮಾತನ್ನು ನಂಬಿ ಸಬ್ ರಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಮಾಡಿದವರ ಮುಂದಿನ ಹೋರಾಟ ಬ್ಯಾಂಕಿನ ಜೊತೆಗಿನದಕ್ಕಿಂತ ಕಠಿಣವಾಗಿರುತ್ತದೆ.

ಮನೆಯನ್ನು ಅಂಗಡಿ ಅಥವಾ ಸಣ್ಣ ಕಾರ್ಖಾನೆಯ ಸಾಲಕ್ಕೆ ಅಡವಿಟ್ಟವರ ವಿಷಯ ಬೇರೆ. ಉದ್ಯಮ್ ನೋಂದಣಿ ಇರುವ ಸಣ್ಣ ಉದ್ದಿಮೆಯು, 25 ಕೋಟಿ ರೂಪಾಯಿವರೆಗಿನ ಸಾಲಗಳಿಗಾಗಿ ಇರುವ ಪುನಶ್ಚೇತನ ಚೌಕಟ್ಟಿನಡಿ, ತನ್ನ ಖಾತೆಯನ್ನು ಸಮಿತಿಯ ಮುಂದಿಡುವಂತೆ ಬ್ಯಾಂಕನ್ನು ಕೇಳಬಹುದು. ಈ ಕೋರಿಕೆಯನ್ನು ನೋಂದಣಿಯ ದಾಖಲೆಯೊಡನೆ ಎನ್.ಪಿ.ಎ. ಆಗುವ ಮೊದಲೇ ಸಲ್ಲಿಸಬೇಕೆಂಬುದು 2024ರ ಆಗಸ್ಟಿನ ಸುಪ್ರೀಂ ಕೋರ್ಟ್ ತೀರ್ಪಿನಿಂದ ಸ್ಪಷ್ಟವಾಗಿದೆ. ಎಲ್ಲ ಮುಗಿದ ಮೇಲೆ ‘ನಮ್ಮದು ಸಣ್ಣ ಉದ್ದಿಮೆ’ ಎಂದರೆ ಯಾರೂ ಕೇಳುವುದಿಲ್ಲ.

ಮನೆಯನ್ನು ನೀವೇ ಮಾರುವುದು

ಈ ಮಾತು ಯಾರಿಗೂ ರುಚಿಸುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಆದಾಯ ಮರಳುವ ಭರವಸೆ ಇಲ್ಲದಿದ್ದರೆ, ಬ್ಯಾಂಕು ಮಾರುವುದಕ್ಕಿಂತ ನೀವೇ ಮಾರುವುದು ಬಹುತೇಕ ಎಲ್ಲ ಸಂದರ್ಭಗಳಲ್ಲೂ ಲಾಭದಾಯಕ. ಲಿಲಾವಿಗೆ ಬರುವವರು ಅಗ್ಗಕ್ಕೆ ಕೊಳ್ಳಲೆಂದೇ ಬಂದವರು. ಮನೆಯೊಳಗೆ ಜನ ವಾಸವಿದ್ದಾರೆ, ಕಬ್ಜಾ ಸಿಗಲು ತಡವಾಗಬಹುದು ಎಂಬ ಅಂಜಿಕೆಗೆ ತಕ್ಕಂತೆ ಅವರು ಬೆಲೆಯನ್ನು ಮೊದಲೇ ಇಳಿಸಿರುತ್ತಾರೆ. ಮೇಲಾಗಿ ಪತ್ರಿಕೆಯ ಪ್ರಕಟಣೆ, ಮೌಲ್ಯಮಾಪನ, ವಕೀಲರು ಇವೆಲ್ಲದರ ಖರ್ಚು ನಿಮ್ಮ ಖಾತೆಗೇ ಬೀಳುತ್ತದೆ.

ಸಾಲವಿರುವ ಮನೆಯನ್ನು ಮಾರುವ ಕ್ರಮ ಹೀಗಿದೆ. ಮೊದಲು ಬ್ಯಾಂಕಿನಿಂದ ಫೋರ್‌ಕ್ಲೋಷರ್ ಪತ್ರ ಪಡೆಯಿರಿ. ಅದರಲ್ಲಿ ಒಟ್ಟು ಬಾಕಿಯ ಜೊತೆಗೆ ದಿನಕ್ಕೆ ಎಷ್ಟು ಬಡ್ಡಿ ಕೂಡುತ್ತದೆ ಎಂಬುದೂ ಇರಲಿ. ಸ್ವಂತ ವಾಸಕ್ಕೆಂದು ವ್ಯಕ್ತಿಗಳು ಪಡೆದ, ಬದಲಾಗುವ ಬಡ್ಡಿದರದ ಗೃಹಸಾಲವಾಗಿದ್ದರೆ ಅವಧಿಗೆ ಮುನ್ನ ತೀರಿಸಿದ್ದಕ್ಕೆ ದಂಡ ವಸೂಲು ಮಾಡುವಂತಿಲ್ಲ. ಬ್ಯಾಂಕಿನ ಕಪಾಟಿನಲ್ಲಿರುವ ಮೂಲ ಪತ್ರಗಳ ಪಟ್ಟಿಯನ್ನೂ ಬರವಣಿಗೆಯಲ್ಲಿ ಕೇಳಿ, ಏಕೆಂದರೆ ಕೊಳ್ಳುವವರ ವಕೀಲರು ಮೊದಲು ಕೇಳುವುದು ಅದನ್ನೇ. ಸಿಟಿ ಸರ್ವೆ ಉತಾರ, ಪಾಲಿಕೆಯ ಇ-ಖಾತಾ, ಇ.ಸಿ. (ಋಣಭಾರ ಪ್ರಮಾಣಪತ್ರ) ಈ ಮೂರನ್ನೂ ಮುಂಚಿತವಾಗಿ ತೆಗೆಸಿಟ್ಟುಕೊಳ್ಳಿ. ತಂದೆಯ ಹೆಸರಿನಲ್ಲಿಯೇ ಉಳಿದಿರುವ ಉತಾರ, ಆಗದ ವಾರಸಾ, ನೋಂದಣಿಯಾಗದ ವಾಟ್ನಿ (ಪಾಲು) ಪತ್ರ ಇವುಗಳಿಂದಾಗಿ ಕೈಗೆ ಬಂದ ಗಿರಾಕಿ ತಪ್ಪಿಹೋಗುವುದು ನಮ್ಮ ಕಡೆ ಬಹಳ. ಸಮಯ ಕಡಿಮೆಯಿರುವಾಗ ಈ ತೊಡಕು ಇನ್ನಷ್ಟು ದುಬಾರಿ.

ಸಂಚಕಾರ ಪತ್ರದಲ್ಲಿ (ಮಾರಾಟದ ಕರಾರಿನಲ್ಲಿ) ಆಸ್ತಿಯ ಮೇಲೆ ಸಾಲವಿರುವುದನ್ನು ಮುಚ್ಚಿಡದೆ ಬರೆಯಿರಿ. ಕೊಳ್ಳುವವರು ಕೊಡುವ ಹಣ ನಿಮ್ಮ ಕೈಗೆ ಬಾರದೆ ನೇರವಾಗಿ ಸಾಲದ ಖಾತೆಗೆ ಜಮೆಯಾಗಲಿ, ಉಳಿದದ್ದು ನೋಂದಣಿಯ ದಿನ ನಿಮಗೆ ಸಿಗಲಿ. ಅವರೂ ಸಾಲ ಮಾಡಿ ಕೊಳ್ಳುವುದಾದರೆ, ಅವರ ಬ್ಯಾಂಕು ನಿಮ್ಮ ಬ್ಯಾಂಕಿನ ಹೆಸರಿಗೆ ಡಿ.ಡಿ. ಕೊಟ್ಟು ಮೂಲ ಪತ್ರಗಳನ್ನು ಪಡೆದುಕೊಳ್ಳುವ ವ್ಯವಸ್ಥೆ ರೂಢಿಯಲ್ಲಿದೆ. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಬ್ಯಾಂಕು ಮೂಲ ಪತ್ರಗಳನ್ನು ಮರಳಿಸಿ, ನೋಂದಾಯಿತ ಬೋಜಾವನ್ನು ತೆಗೆಸಬೇಕು. ತನ್ನದೇ ಕಾರಣದಿಂದ ತಡಮಾಡಿದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಈ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ.

ಮುಂದೆ ಹೇಳಲಿರುವ 60 ದಿನಗಳ ನೋಟಿಸು ಕೈಸೇರಿದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮನೆಯನ್ನು ಮಾರುವಂತಿಲ್ಲ. ಹಾಗೆಂದು ದಾರಿ ಮುಚ್ಚುವುದಿಲ್ಲ. ಒಳ್ಳೆಯ ಬೆಲೆಯ ಗಿರಾಕಿಯನ್ನು ನೀವೇ ಕರೆತಂದರೆ ಒಪ್ಪುವುದು ಬ್ಯಾಂಕಿಗೂ ಹಿತ. ಸ್ವಾಧೀನದ ನಂತರವೂ ಲಿಲಾವಿನ ಬದಲು ಖಾಸಗಿ ಒಪ್ಪಂದದ ಮೂಲಕ ಮಾರಲು ನಿಯಮದಲ್ಲಿ ಅವಕಾಶವಿದೆ.

60 ದಿನಗಳ ನೋಟಿಸು ಬಂದಾಗ

ಎನ್.ಪಿ.ಎ. ಆದ ಮೇಲೆ ಸರ್ಫೇಸಿ ಕಾಯ್ದೆಯ 13(2)ನೆಯ ಕಲಮಿನಡಿ ನೋಟಿಸು ಬರುತ್ತದೆ. ಬಾಕಿ ಎಷ್ಟು, ಯಾವ ಆಸ್ತಿಯ ಮೇಲೆ ಕ್ರಮ ಎಂಬ ವಿವರ ಅದರಲ್ಲಿರಬೇಕು. ಪೂರ್ತಿ ಕಟ್ಟಲು 60 ದಿನಗಳ ಗಡುವು ಇರುತ್ತದೆ. ಲಕೋಟೆಯನ್ನು ಸಹಿ ಮಾಡಿ ತೆಗೆದುಕೊಂಡು, ಕೈಸೇರಿದ ದಿನಾಂಕವನ್ನು ಅದರ ಮೇಲೆಯೇ ಬರೆದು, ಹೊದಿಕೆಯ ಸಮೇತ ಜೋಪಾನವಾಗಿಡಿ. ಸಹ-ಸಾಲಗಾರರಿಗೂ ಜಾಮೀನುದಾರರಿಗೂ ನೋಟಿಸು ಬಂದಿದೆಯೇ ವಿಚಾರಿಸಿ. ನಿಮ್ಮ ಜಾಮೀನಿಗೆ ನಿಂತ ಸೋದರಮಾವನಿಗೆ ಈ ಸುದ್ದಿ ಬ್ಯಾಂಕಿನಿಂದ ತಿಳಿಯುವುದಕ್ಕಿಂತ ನಿಮ್ಮಿಂದ ಮೊದಲು ತಿಳಿಯುವುದು ಒಳ್ಳೆಯದು.

ಈ ಹಂತದ ಮುಖ್ಯ ಹಕ್ಕು ಎಂದರೆ ಉತ್ತರ ಬರೆಯುವುದು, ಮತ್ತು ಬಹುಪಾಲು ಜನ ಬಳಸದೆ ಬಿಡುವ ಹಕ್ಕೂ ಅದೇ. 13(3ಎ) ಕಲಮಿನ ಪ್ರಕಾರ, ನೀವು ಆಕ್ಷೇಪಣೆ ಸಲ್ಲಿಸಿದರೆ ಬ್ಯಾಂಕು ಅದನ್ನು ಪರಿಶೀಲಿಸಿ, ಒಪ್ಪದಿದ್ದರೆ ಕಾರಣಗಳನ್ನು 15 ದಿನಗಳೊಳಗೆ ತಿಳಿಸಬೇಕು. 2004ರಲ್ಲಿ ಸುಪ್ರೀಂ ಕೋರ್ಟು ಈ ಕಾಯ್ದೆಯನ್ನು ಎತ್ತಿಹಿಡಿಯುವಾಗಲೇ, ಸಾಲಗಾರನ ಆಕ್ಷೇಪಣೆಗೆ ಕಾರಣಸಹಿತ ಉತ್ತರ ಸಿಗಬೇಕೆಂದು ಹೇಳಿತ್ತು. ಆ ಬಳಿಕವೇ ಈ ಕಲಮು ಸೇರಿತು. ಉತ್ತರವನ್ನು 60 ದಿನಗಳ ಕೊನೆಗೆ ಇಟ್ಟುಕೊಳ್ಳದೆ ಮೊದಲ ಮೂರು ವಾರಗಳೊಳಗೆ ಕಳಿಸಿ.

ಉತ್ತರದಲ್ಲಿ ಕಷ್ಟ ತೋಡಿಕೊಳ್ಳುವುದಕ್ಕಿಂತ ಲೆಕ್ಕ ಹೆಚ್ಚಿರಬೇಕು. ಖಾತೆಯ ಪೂರ್ತಿ ವಿವರವನ್ನು ತೆಗೆಸಿ, ಕಟ್ಟಿದ ಪ್ರತಿಯೊಂದು ಕಂತು ಜಮೆಯಾಗಿದೆಯೇ, ಎನ್.ಪಿ.ಎ. ದಿನಾಂಕ ನಿಜವಾಗಿ 90 ದಿನ ಮೀರಿದ ಮೇಲಿನದೇ ಎಂದು ಎಣಿಸಿ ನೋಡಿ. ತಪ್ಪಿದ ಕಂತಿಗೆ ಹಾಕಿದ ದಂಡವು ಬಡ್ಡಿದರಕ್ಕೆ ಸೇರ್ಪಡೆಯಾಗಿದೆಯೇ ಎಂಬುದನ್ನೂ ಪರೀಕ್ಷಿಸಿ. 2023ರ ಆಗಸ್ಟ್ 18ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ ದಂಡವನ್ನು ಪ್ರತ್ಯೇಕ ಶುಲ್ಕವಾಗಿ ಹಾಕಬೇಕೇ ಹೊರತು ದಂಡಬಡ್ಡಿಯ ರೂಪದಲ್ಲಿ ಅಲ್ಲ, ಆ ಶುಲ್ಕದ ಮೇಲೆ ಮತ್ತೆ ಬಡ್ಡಿ ಹೇರುವಂತೆಯೂ ಇಲ್ಲ. ವಿಮೆಯ ಹಣ ಬರಬೇಕಿದ್ದರೆ, ಆಸ್ತಿಯ ವಿವರದಲ್ಲಿ ತಪ್ಪಿದ್ದರೆ ಅದನ್ನು ಬರೆಯಿರಿ. ಕೊನೆಗೆ ದಿನಾಂಕ ಮತ್ತು ಮೊತ್ತ ಹೆಸರಿಸಿದ ಪ್ರಸ್ತಾವವೊಂದನ್ನು ಇಡಿ. ‘ಸ್ವಲ್ಪ ಕಾಲಾವಕಾಶ ಕೊಡಿ’ ಎಂಬ ಮಾತಿಗೆ ಬೆಲೆಯಿಲ್ಲ. ‘ಈ ತಿಂಗಳ 20ಕ್ಕೆ 1 ಲಕ್ಷ, ಮನೆ ಮಾರಾಟದಿಂದ ಉಳಿದದ್ದು ಇಂಥ ದಿನಾಂಕಕ್ಕೆ’ ಎಂಬ ಮಾತಿಗೆ ಇದೆ. ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ, ನೋಟಿಸಿಗೆ ಸಹಿ ಮಾಡಿದ ಅಧಿಕೃತ ಅಧಿಕಾರಿಯ ಹೆಸರಿಗೇ ಕಳಿಸಿ.

ವಸೂಲಿಯವರು ಮನೆಗೆ ಬರತೊಡಗುವುದು ಇದೇ ಸಮಯದಲ್ಲಿ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಅವರು ಫೋನು ಮಾಡುವಂತಿಲ್ಲ. ಬಂಧುಗಳನ್ನೂ ನೆರೆಯವರನ್ನೂ ಪೀಡಿಸುವಂತಿಲ್ಲ. ಮೀರಿದರೆ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು, 30 ದಿನಗಳಲ್ಲಿ ಸಮಾಧಾನಕರ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಮಾಹಿತಿಗೆ 14448 ಸಂಖ್ಯೆ ಇದೆ. ಗೃಹಸಾಲ ಕಂಪನಿಗಳ ಮೇಲಿನ ದೂರುಗಳನ್ನು ರಾಷ್ಟ್ರೀಯ ಗೃಹನಿರ್ಮಾಣ ಬ್ಯಾಂಕು ತೆಗೆದುಕೊಳ್ಳುತ್ತದೆ. ಈ ದೂರುಗಳಿಂದ ವರ್ತನೆಯೂ ಲೆಕ್ಕದ ತಪ್ಪೂ ಸರಿಯಾಗಬಹುದು. ಲಿಲಾವು ನಿಲ್ಲುತ್ತದೆ ಎಂದು ಭಾವಿಸಬೇಡಿ.

ಒಮ್ಮೆಲೇ ತೀರುವಳಿ

ಸಂಬಂಧಿಕರಿಂದಲೋ ಬೇರೆ ಆಸ್ತಿ ಮಾರಿಯೋ ದೊಡ್ಡ ಮೊತ್ತ ಒಟ್ಟಿಗೆ ಹೊಂದಿಸಬಲ್ಲವರಿಗೆ ಓ.ಟಿ.ಎಸ್. ಎಂಬ ದಾರಿಯಿದೆ. ಬಡ್ಡಿಯಲ್ಲಿ ಒಂದಿಷ್ಟು ಬಿಟ್ಟು ಉಳಿದದ್ದನ್ನು ನಿಗದಿತ ದಿನದೊಳಗೆ ಪಡೆದು ಬ್ಯಾಂಕು ಖಾತೆ ಮುಚ್ಚುತ್ತದೆ. ಇದು ಸಾಲಗಾರನ ಹಕ್ಕಲ್ಲ, ಓ.ಟಿ.ಎಸ್. ಕೊಡುವಂತೆ ಬ್ಯಾಂಕಿಗೆ ಆದೇಶಿಸಲಾಗದು ಎಂದು 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮನೆಯ ಬೆಲೆ ಬಾಕಿಗಿಂತ ಬಹಳ ಹೆಚ್ಚಿದ್ದರೆ ಬ್ಯಾಂಕಿಗೆ ಬಿಟ್ಟುಕೊಡುವ ಅಗತ್ಯವೇ ಕಾಣುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಮಂಜೂರಾತಿ ಪತ್ರ ಕೈಸೇರುವ ಮೊದಲು ‘ಟೋಕನ್’ ಎಂದು ದೊಡ್ಡ ಹಣ ಕಟ್ಟಬೇಡಿ. ಕಟ್ಟುವ ಹಣವೆಲ್ಲ ಸಾಲದ ಖಾತೆಗೇ ಹೋಗಲಿ, ಯಾವ ಏಜೆಂಟನ ಕೈಗೂ ಬೇಡ. ಗಡುವು ಒಂದು ದಿನ ತಪ್ಪಿದರೂ ರಿಯಾಯಿತಿ ರದ್ದಾಗುವ ಷರತ್ತು ಈ ಪತ್ರಗಳಲ್ಲಿ ಸಾಮಾನ್ಯ. ಸಿಬಿಲ್ ದಾಖಲೆಯಲ್ಲಿ ‘ಸೆಟಲ್ಡ್’ ಎಂಬ ಗುರುತು ಉಳಿದು ಮುಂದಿನ ಸಾಲಕ್ಕೆ ಅಡ್ಡಿಯಾಗುತ್ತದೆ.

ಇಂಥ ಮಾತುಕತೆಗೆ ಲೋಕ ಅದಾಲತ್ ಒಳ್ಳೆಯ ವೇದಿಕೆ. ಧಾರವಾಡ, ಗದಗ, ಹಾವೇರಿ ಮೂರೂ ಕಡೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದ್ದು, ದಾವೆ ಹೂಡುವ ಮೊದಲಿನ ಪ್ರಕರಣಗಳನ್ನೂ ಅಲ್ಲಿಗೆ ಒಯ್ಯಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರ ನೆರವು ಸಿಗುತ್ತದೆ, ಸಹಾಯವಾಣಿ 15100. ಆದರೆ ಅದಾಲತ್ತಿನಲ್ಲಿ ಆದ ತೀರ್ಮಾನಕ್ಕೆ ಮೇಲ್ಮನವಿ ಇಲ್ಲ. ನಿಭಾಯಿಸಲಾಗದ ಕಂತಿಗೆ ಮುಲಾಜಿನಿಂದ ಒಪ್ಪಿಕೊಂಡು ಬರಬೇಡಿ.

ಸ್ವಾಧೀನ ಮತ್ತು ಡಿ.ಆರ್.ಟಿ.

60 ದಿನ ಮುಗಿದ ಮೇಲೆ ಬ್ಯಾಂಕು ಬಾಗಿಲಿಗೆ ಸ್ವಾಧೀನದ ನೋಟಿಸು ಅಂಟಿಸಿ, 7 ದಿನಗಳೊಳಗೆ ಎರಡು ಪತ್ರಿಕೆಗಳಲ್ಲಿ ಪ್ರಕಟಿಸುತ್ತದೆ. ಅದರಲ್ಲೊಂದು ಸ್ಥಳೀಯ ಭಾಷೆಯದಾಗಿರಬೇಕು. ಇದು ಸಾಮಾನ್ಯವಾಗಿ ಸಾಂಕೇತಿಕ ಸ್ವಾಧೀನ. ನೀವು ಮನೆಯಲ್ಲೇ ಇರುತ್ತೀರಿ. ಜನರನ್ನು ಹೊರಗೆ ಕಳಿಸಿ ಬೀಗ ಹಾಕುವ ಭೌತಿಕ ಸ್ವಾಧೀನಕ್ಕೆ ಬ್ಯಾಂಕು 14ನೆಯ ಕಲಮಿನಡಿ ಜಿಲ್ಲಾ ದಂಡಾಧಿಕಾರಿಯ ಇಲ್ಲವೇ ಮುಖ್ಯ ನ್ಯಾಯಿಕ ದಂಡಾಧಿಕಾರಿಯ ನೆರವು ಕೋರುತ್ತದೆ. ಈ ಹಂತದಲ್ಲಿ ಅನೇಕರು ಜಿಲ್ಲಾಧಿಕಾರಿ ಕಚೇರಿಗೆ ಅಲೆಯುತ್ತಾರೆ, ಜನತಾ ದರ್ಶನದಲ್ಲಿ ಮನವಿ ಕೊಡುತ್ತಾರೆ. ಆ ಅಲೆದಾಟದಿಂದ ಪ್ರಯೋಜನವಿಲ್ಲ, ಏಕೆಂದರೆ 14ನೆಯ ಕಲಮಿನಡಿ ಸಾಲದ ಸರಿತಪ್ಪು ವಿಚಾರಿಸುವ ಅಧಿಕಾರ ಅವರಿಗಿಲ್ಲ. ಬ್ಯಾಂಕಿನ ಪ್ರಮಾಣಪತ್ರ ಕ್ರಮಬದ್ಧವಾಗಿದೆಯೇ ಎಂದು ನೋಡಿ ಆದೇಶ ಮಾಡುವುದಷ್ಟೇ ಅವರ ಕೆಲಸ.

ಅಲೆಯಬೇಕಾದದ್ದು ಬೆಂಗಳೂರಿಗೆ. ಬ್ಯಾಂಕಿನ ಕ್ರಮವನ್ನು 17ನೆಯ ಕಲಮಿನಡಿ ಸಾಲ ವಸೂಲಾತಿ ನ್ಯಾಯಮಂಡಳಿಯಲ್ಲಿ, ಅಂದರೆ ಡಿ.ಆರ್.ಟಿ.ಯಲ್ಲಿ, 45 ದಿನಗಳೊಳಗೆ ಪ್ರಶ್ನಿಸಬೇಕು. ಕರ್ನಾಟಕದ ನ್ಯಾಯಮಂಡಳಿಗಳಿರುವುದು ಬೆಂಗಳೂರಿನಲ್ಲಿ, ಅವುಗಳ ಮೇಲಿನ ಮೇಲ್ಮನವಿ ಮಂಡಳಿ ಚೆನ್ನೈಯಲ್ಲಿ. ಹಾನಗಲ್ಲಿನ ಅಥವಾ ರೋಣದ ಕುಟುಂಬಕ್ಕೆ ಇದು ಸಣ್ಣ ಹೊರೆಯಲ್ಲ. ಸಾಲಗಾರರ ಅರ್ಜಿಗೆ ಬಾಕಿ 10 ಲಕ್ಷಕ್ಕಿಂತ ಕಡಿಮೆಯಿದ್ದರೆ ಪ್ರತಿ ಲಕ್ಷಕ್ಕೆ 500 ರೂಪಾಯಿ, ಅದಕ್ಕೆ ಮೇಲ್ಪಟ್ಟಿದ್ದರೆ 5,000 ರೂಪಾಯಿಯ ಜೊತೆಗೆ ಹೆಚ್ಚಿನ ಪ್ರತಿ ಲಕ್ಷಕ್ಕೆ 250 ರೂಪಾಯಿ ಶುಲ್ಕ. 18 ಲಕ್ಷದ ಬಾಕಿಗೆ 7,000 ರೂಪಾಯಿ ಆಗುತ್ತದೆ. ವಕೀಲರ ಶುಲ್ಕ ಬೇರೆ. ನ್ಯಾಯಮಂಡಳಿಯಲ್ಲಿ ನಿಲ್ಲುವುದು ದಾಖಲೆಯ ದೋಷಗಳು: ಆಕ್ಷೇಪಣೆಗೆ ಉತ್ತರ ಕೊಡದಿರುವುದು, ಪ್ರಕಟಣೆ ತಪ್ಪಿರುವುದು, ಎನ್.ಪಿ.ಎ. ದಿನಾಂಕ ತಪ್ಪಾಗಿರುವುದು. ನಿಮ್ಮ ಹಳೆಯ ಉತ್ತರ ಪತ್ರ, ಅಂಚೆಯ ರಸೀದಿ ಉಪಯೋಗಕ್ಕೆ ಬರುವುದು ಇಲ್ಲಿಯೇ.

ಧಾರವಾಡದಲ್ಲಿಯೇ ಹೈಕೋರ್ಟ್ ಪೀಠವಿರುವಾಗ ಬೆಂಗಳೂರಿಗೇಕೆ ಹೋಗಬೇಕು ಎಂದು ಎಲ್ಲರೂ ಕೇಳುತ್ತಾರೆ. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಆದ ಆ ಪೀಠ ನಮಗೆ ಹತ್ತಿರವಿದೆ ಎಂಬುದು ನಿಜ. ಆದರೆ ಡಿ.ಆರ್.ಟಿ.ಯ ದಾರಿ ಇರುವಾಗ ಸರ್ಫೇಸಿ ಪ್ರಕರಣಗಳಲ್ಲಿ ರಿಟ್ ಅರ್ಜಿಗಳನ್ನು ಹೈಕೋರ್ಟುಗಳು ಪುರಸ್ಕರಿಸಬಾರದೆಂದು ಸುಪ್ರೀಂ ಕೋರ್ಟು 2010ರಿಂದ ಮತ್ತೆ ಮತ್ತೆ ಹೇಳುತ್ತಾ ಬಂದಿದೆ. ಸಿವಿಲ್ ನ್ಯಾಯಾಲಯದ ತಡೆಯಾಜ್ಞೆಗೂ 34ನೆಯ ಕಲಮು ಅಡ್ಡವಿದೆ. ‘ಇಲ್ಲೇ ಸ್ಟೇ ತರ್ತೀನಿ’ ಎಂದು ಹೇಳುವವರ ಮಾತಿಗೆ 45 ದಿನಗಳನ್ನು ಒಪ್ಪಿಸಬೇಡಿ.

ಲಿಲಾವು

ಮೊದಲ ಬಾರಿಯ ಲಿಲಾವಿಗೆ ಮುನ್ನ 30 ದಿನಗಳ ನೋಟಿಸು ಕೊಡಬೇಕು; ಅದು ವಿಫಲವಾದರೆ ಮುಂದಿನದಕ್ಕೆ 15 ದಿನ ಸಾಕು. ಆಸ್ತಿಯ ಬೆಲೆಯನ್ನು ಮಾನ್ಯತೆ ಪಡೆದ ಮೌಲ್ಯಮಾಪಕರಿಂದ ಕಟ್ಟಿಸಿ ಕನಿಷ್ಠ ಬೆಲೆ ನಿಗದಿ ಮಾಡುತ್ತಾರೆ. ಅದು ತೀರಾ ಕಡಿಮೆಯೆನಿಸಿದರೆ ಬೇರೊಬ್ಬ ಮೌಲ್ಯಮಾಪಕರಿಂದ ವರದಿ ಪಡೆದು ತಕ್ಷಣ ಆಕ್ಷೇಪಿಸಿ.

ಪೂರ್ತಿ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಎಲ್ಲಿಯವರೆಗೆ ಇರುತ್ತದೆ ಎಂಬುದರಲ್ಲಿ ದೊಡ್ಡ ತಪ್ಪು ತಿಳಿವಳಿಕೆಯಿದೆ. ಲಿಲಾವಿನ ದಿನ ಕೊನೆಯ ಕೂಗಿನವರೆಗೂ ಹಣ ತಂದು ಬಿಡಿಸಿಕೊಳ್ಳಬಹುದೆಂದು ಹಿರಿಯರು ಹೇಳುವುದು ಹಳೆಯ ಕಾನೂನಿನ ಮಾತು. 2016ರ ತಿದ್ದುಪಡಿಯ ನಂತರ ಈ ಹಕ್ಕು ಲಿಲಾವಿನ ನೋಟಿಸು ಪ್ರಕಟವಾಗುವ ದಿನಕ್ಕೆ ಮುಂಚೆಯೇ ಮುಗಿಯುತ್ತದೆ. 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಖಚಿತಪಡಿಸಿದೆ. ಪತ್ರಿಕೆಯಲ್ಲಿ ಪ್ರಕಟಣೆ ನೋಡಿದ ಮೇಲೆ ಹಣ ಹೊಂದಿಸಲು ಹೊರಟವರು ಬ್ಯಾಂಕಿನ ಒಪ್ಪಿಗೆಯನ್ನು ಬೇಡಬಹುದು, ಹಕ್ಕೆಂದು ಕೇಳಲಾಗದು.

ಲಿಲಾವಿನಲ್ಲಿ ಗೆದ್ದವರು ಶೇ. 25ರಷ್ಟನ್ನು ಅಂದೇ ಅಥವಾ ಮರುದಿನದ ಕೆಲಸದ ವೇಳೆಯೊಳಗೆ ಕಟ್ಟಬೇಕು, ಉಳಿದದ್ದನ್ನು ಮಾರಾಟ ಖಾಯಂ ಆದ 15ನೆಯ ದಿನದೊಳಗೆ. ಲಿಖಿತ ಒಪ್ಪಂದದಿಂದ ಈ ಅವಧಿ ಮೂರು ತಿಂಗಳವರೆಗೆ ಹಿಗ್ಗಬಹುದು. ಅವರು ತಪ್ಪಿದರೆ ಮತ್ತೆ ಲಿಲಾವು. ಮನೆ ಬಿಡಬೇಕಾಗಿ ಬಂದರೆ ಪಾತ್ರೆಪಗಡ, ದೇವರ ಜಗಲಿಯ ಸಾಮಾನು, ಮಕ್ಕಳ ಶಾಲೆಯ ಕಾಗದ, ರೇಷನ್ ಕಾರ್ಡು ಇವನ್ನೆಲ್ಲ ಭೌತಿಕ ಸ್ವಾಧೀನದ ದಿನಕ್ಕೆ ಮುಂಚೆಯೇ ಸಾಗಿಸಿಕೊಳ್ಳಿ. ಒಳಗೆ ಉಳಿದದ್ದಕ್ಕೆ ಪಂಚನಾಮೆ ಆಗಿ ಪಟ್ಟಿ ತಯಾರಾಗುತ್ತದೆ. ಆ ಪಟ್ಟಿಯ ಪ್ರತಿ ಕೇಳಿ ಪಡೆಯಿರಿ.

ಮಾರಾಟದ ಹಣದಲ್ಲಿ ಖರ್ಚು ಮತ್ತು ಬಾಕಿ ಕಳೆದು ಉಳಿದದ್ದು ನಿಮಗೇ ಸೇರಬೇಕೆಂದು 13(7)ನೆಯ ಕಲಮು ಹೇಳುತ್ತದೆ. ಬ್ಯಾಂಕಿನವರು ತಾವಾಗಿ ಕರೆದು ಕೊಡುತ್ತಾರೆಂದು ಕಾಯದೆ, ಮಾರಾಟದ ಬೆಲೆ, ಖರ್ಚಿನ ಬಾಬುಗಳು, ಜಮೆಯಾದ ದಿನಾಂಕ ಇವುಗಳ ಲೆಕ್ಕವನ್ನು ಬರವಣಿಗೆಯಲ್ಲಿ ಕೇಳಿ, ಹಣ ಜಮೆಯಾಗಬೇಕಾದ ನಿಮ್ಮ ಉಳಿತಾಯ ಖಾತೆಯ ಸಂಖ್ಯೆಯನ್ನು ಅದೇ ಪತ್ರದಲ್ಲಿ ನಮೂದಿಸಿ. ಹಣ ಕಡಿಮೆ ಬಿದ್ದರೆ ಉಳಿದ ಬಾಕಿಗಾಗಿ ನಿಮ್ಮ ಮೇಲೂ ಜಾಮೀನುದಾರರ ಮೇಲೂ ಕ್ರಮ ಮುಂದುವರಿಯಬಹುದು; ಓ.ಟಿ.ಎಸ್.ಗೆ ಒಪ್ಪದಿದ್ದ ಬ್ಯಾಂಕು, ಮನೆ ನಿಮ್ಮ ಕೈತಪ್ಪಿದ ಮೇಲೆ, ಆ ಸಣ್ಣ ಮೊತ್ತದ ವಿಷಯದಲ್ಲಿ ಮಾತುಕತೆಗೆ ಬರುವುದುಂಟು.